ಕರೆಯೋಲೆಯಲ್ಲಿ ಮಸಿ ಹರಡಿದಾಗ

ತಂಗಿ ಮದುವೆಗೆ ಅಂತ ಮೇ ತಿಂಗಳಲ್ಲಿ ತೀರ್ಥಹಳ್ಳಿ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಹತ್ತಿರದ ನೆಂಟರಿಗೆ ಕೈಯಲ್ಲೇ ಬರೆದ ಕರೆಯೋಲೆ ಕೊಡಬೇಕು ಅನ್ನೋದು ಅವಳ ಆಸೆ. ಬೆಂಗಳೂರಿಂದ ಕೈಯಲ್ಲೇ ತಯಾರಿಸಿದ ಕಾಗದದ 60 ಹಾಳೆ ತಂದಿದ್ದೆ. ಮೊದಲ ಹಾಳೆಯಲ್ಲಿ ‘ಶ್ರೀ’ ಬರೆದ ಕೂಡಲೇ ಮಸಿ ಬೇರು ಬಿಟ್ಟ ಹಾಗೆ ಹರಡಿತು. ಒತ್ತು, ದೀರ್ಘ ಎಲ್ಲಾ ಒಂದೇ ಮುದ್ದೆ. ತಂಗಿ ಮುಖ ನೋಡಿ ಕರುಳು ಚುರ್ ಎಂದಿತು.

ಅಜ್ಜಿ ಹಾಳೆ ಮುಟ್ಟಿ ನೋಡಿ, “ಇದು ಹತ್ತೀದಲ್ವೇನೇ? ಸೀರೆಗೆ ಹಾಕೋ ಹಾಗೆ ಗಂಜಿ ಹಾಕು” ಅಂದರು. ಎಷ್ಟು ಸರಿಯಾದ ಮಾತು! ಹತ್ತಿಯ ಕಾಗದಕ್ಕೆ ಅಂಟು ಕಡಿಮೆಯಿದ್ದರೆ ಅದು ದೀಪದ ಬತ್ತಿಯ ಹಾಗೆ ಮಸಿ ಹೀರುತ್ತದೆ. ಗಂಜಿ ನಾರಿನ ಸಂದುಗಳನ್ನು ಮುಚ್ಚುತ್ತದೆ.

ಅನ್ನ ಬಸಿದ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ, ನೀರುಮಜ್ಜಿಗೆಯಷ್ಟು ತೆಳ್ಳಗೆ ಮಾಡಿಕೊಂಡೆವು. ಅಗಲ ಬ್ರಷ್‌ನಲ್ಲಿ ಎರಡೂ ಕಡೆ ಒಂದೊಂದು ಕೈ. ಬಿಸಿಲಿಗಿಟ್ಟ ನಾಲ್ಕು ಹಾಳೆ ಹಪ್ಪಳದ ಹಾಗೆ ಮುರುಟಿದವು. ಉಳಿದವನ್ನು ಜಗಲಿಯ ನೆರಳಲ್ಲಿ ಆರಿಸಿ, ಸ್ವಲ್ಪ ತೇವ ಇರುವಾಗಲೇ ಹಳೇ ಪೇಪರ್ ನಡುವೆ ಇಟ್ಟೆವು. ಮೇಲೆ ಮಣೆ, ಅದರ ಮೇಲೆ ಅಕ್ಕಿ ಮೂಟೆ. ಮರುದಿನ ಬರೆದರೆ ಗೆರೆ ಗೆರೆಯಾಗಿಯೇ ನಿಂತಿತು.

ಅರಿಶಿನ ಮಾತ್ರ ನೀರಲ್ಲಿ ಕಲಸಬೇಡಿ. ಒಣ ಪುಡಿಯನ್ನೇ ಬೆರಳಲ್ಲಿ ನಾಲ್ಕೂ ಮೂಲೆಗೆ ಉಜ್ಜಿ. ಮೊದಲ ಓಲೆ ದೇವರ ಮುಂದೆ ಇಟ್ಟೆವು. ಎರಡನೆಯದನ್ನು ತಂಗಿಯೇ ಹೋಗಿ ಸೋದರಮಾವನ ಕೈಗೆ ಕೊಟ್ಟು ಬಂದಳು.