ಸ್ಪೋಕ್ ವೀಲೋ, ಅಲಾಯ್ ವೀಲೋ: ಅಡ್ವೆಂಚರ್ ಬೈಕಿನ ಚಕ್ರ ಆರಿಸುವ ಬಗೆ

ಕಲ್ಲಿಗೆ ಬಡಿದರೆ ಸ್ಪೋಕ್ ವೀಲ್ ಬಾಗುತ್ತದೆ, ಅಲಾಯ್ ವೀಲ್ ಸೀಳುತ್ತದೆ ಎಂಬ ಮಾತು ಅರ್ಧ ಮಾತ್ರ ನಿಜ. ಅಲಾಯ್ ಕೂಡ ಸಾಮಾನ್ಯವಾಗಿ ಮೊದಲು ಅಂಚಿನಲ್ಲಿ ಬಾಗುತ್ತದೆ. ಬಾಗಿದ ಕಡೆ ಟೈರಿನ ಬೀಡ್ (ರಿಮ್ಮಿಗೆ ಕಚ್ಚಿ ಕೂರುವ ಅಂಚು) ಸರಿಯಾಗಿ ಕೂರದೆ ಗಾಳಿ ಸೋರತೊಡಗುತ್ತದೆ. ಪೆಟ್ಟು ಇನ್ನೂ ಜೋರಾಗಿದ್ದರೆ ಬಿರುಕು. ಸ್ಪೋಕ್ ವೀಲಿನ ರಿಮ್ಮಿಗೂ ಹೊಂಡ ಬೀಳುತ್ತದೆ, ಆದರೆ ಅಲ್ಲಿ ಪ್ರತಿ ಕಡ್ಡಿಯೂ (ಸ್ಪೋಕ್) ಬಿಗಿದ ತಂತಿಯಂತೆ ರಿಮ್ಮನ್ನು ಚಕ್ರದ ನಡುವಿನ ಹಬ್ಬಿನ ಕಡೆಗೆ ಎಳೆದುಕೊಂಡಿರುವುದರಿಂದ ಒಂದು ಜಾಗಕ್ಕೆ ಬಿದ್ದ ಹೊರೆ ಹಲವು ಕಡ್ಡಿಗಳಿಗೆ ಹಂಚಿಹೋಗುತ್ತದೆ. ನಾಲ್ಕೈದು ಲೂಸಾದರೂ ಗಾಡಿ ಊರು ಮುಟ್ಟುತ್ತದೆ. ಬಾಗಿದ ರಿಮ್ಮನ್ನು ಕಡ್ಡಿ ಎಳೆದು ಒಂದು ಮಟ್ಟಿಗೆ ದಾರಿಗೆ ತರಬಹುದು, ಮುರಿದ ಕಡ್ಡಿಯನ್ನು ಒಂಟಿಯಾಗಿ ಬದಲಿಸಬಹುದು. ಬಿರುಕು ಬಿಟ್ಟ ಅಲಾಯ್‌ಗೆ ದಾರಿಯಲ್ಲಿ ಮದ್ದಿಲ್ಲ.

ಆದರೆ ರಿಮ್ ಒಡೆಯುವುದು ಅಪರೂಪ. ಪಂಕ್ಚರ್ ದಿನನಿತ್ಯದ್ದು. ಚಕ್ರ ಆರಿಸುವಾಗ ಹೆಚ್ಚು ತೂಕ ಕೊಡಬೇಕಾದದ್ದು ಇದಕ್ಕೆ.

ಅಲಾಯ್ ವೀಲಿನಲ್ಲಿ ಟ್ಯೂಬ್‌ಲೆಸ್ ಟೈರ್ ಇರುತ್ತದೆ. ಮೊಳೆ ಹೊಕ್ಕರೆ ಟೈರಿನ ರಬ್ಬರ್ ಅದನ್ನು ಕಚ್ಚಿಕೊಂಡು ಗಾಳಿಯನ್ನು ನಿಧಾನಕ್ಕೆ ಬಿಡುತ್ತದೆ. ಮೊಳೆ ಕಿತ್ತು, ರೀಮರ್ ತೂರಿಸಿ ತೂತು ಉಜ್ಜಿ, ರಬ್ಬರ್ ಬತ್ತಿಯನ್ನು ಅರ್ಧದಷ್ಟು ಒಳಗೆ ತಳ್ಳಿ ಸೂಜಿಯನ್ನು ಸರಕ್ಕನೆ ಎಳೆದು, ಹೊರಗುಳಿದದ್ದನ್ನು ಮೂರು-ನಾಲ್ಕು ಮಿ.ಮೀ. ಬಿಟ್ಟು ಕತ್ತರಿಸಿ ಗಾಳಿ ತುಂಬಿದರೆ ಕೆಲಸ ಮುಗಿಯಿತು. ಚಕ್ರ ಬಿಚ್ಚುವ ಮಾತೇ ಇಲ್ಲ, ಹತ್ತು-ಹದಿನೈದು ನಿಮಿಷ ಸಾಕು. ಟೈರಿನ ಪಕ್ಕದ ಗೋಡೆ ಹರಿದರೆ ಮಾತ್ರ ಬತ್ತಿ ನಿಲ್ಲುವುದಿಲ್ಲ.

ಮಾಮೂಲಿ ಸ್ಪೋಕ್ ವೀಲಿನಲ್ಲಿ ಕಡ್ಡಿಯ ತುದಿಯನ್ನು ಬಿಗಿಯುವ ನಿಪ್ಪಲ್‌ಗಳಿಗಾಗಿ ರಿಮ್ಮಿನ ನಡುವೆ ತೂತುಗಳಿರುತ್ತವೆ. ಅದಕ್ಕೇ ಟ್ಯೂಬ್ ಬೇಕು. ಮೊಳೆ ತಾಗಿದ ಟ್ಯೂಬ್ ಕೆಲವೇ ಕ್ಷಣಗಳಲ್ಲಿ ಚಪ್ಪಟೆಯಾಗಬಹುದು. ಹೆದ್ದಾರಿಯಲ್ಲಿ ಮುಂದಿನ ಚಕ್ರಕ್ಕೆ ಹೀಗಾದರೆ ಅಪಾಯ. ಆಮೇಲೆ ಆಕ್ಸಲ್ ಬಿಚ್ಚಬೇಕು, ಟೈರ್ ಕಳಚಬೇಕು, ಲಗೇಜು ಇಳಿಸಬೇಕು. ಕೈ ಪಳಗಿದವರಿಗೂ ಮುಕ್ಕಾಲು ಗಂಟೆಯ ಕೆಲಸ. ಸ್ಪೋಕ್ ವೀಲಿಗೆ ತೆರಬೇಕಾದ ನಿಜವಾದ ಬೆಲೆ ಈ ಟ್ಯೂಬೇ.

ಅಂಗಡಿಯಲ್ಲಿ ಸಿಗುವುದೇನು ನೋಡಿ. ಹೀರೋ ಎಕ್ಸ್‌ಪಲ್ಸ್ 200ಕ್ಕೆ ಮುಂದೆ 21, ಹಿಂದೆ 18 ಇಂಚಿನ ಸ್ಪೋಕ್, ಟ್ಯೂಬ್ ಸಮೇತ. ಹಳೆಯ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಕೂಡ ಟ್ಯೂಬ್‌ನದೇ ಆಗಿತ್ತು, 21 ಮತ್ತು 17. ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್‌ಗೆ 19 ಮತ್ತು 17ರ ಅಲಾಯ್. 2025ರ ಕೆಟಿಎಂ 390 ಅಡ್ವೆಂಚರ್‌ನಲ್ಲಿ ಆಯ್ಕೆ ಎದುರಿಗೇ ಇದೆ: ಎಕ್ಸ್ ಮಾದರಿಗೆ 19/17 ಅಲಾಯ್, ಇನ್ನೊಂದಕ್ಕೆ 21/17 ಸ್ಪೋಕ್.

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು. "ಸ್ಪೋಕ್ ವೀಲ್ ಕಲ್ಲಿನ ಮೇಲೆ ಚೆನ್ನಾಗಿ ಹೋಗುತ್ತದೆ" ಎನ್ನುವವರು ಬಹಳ ಸಲ ಹೊಗಳುತ್ತಿರುವುದು 21 ಇಂಚಿನ ಅಳತೆಯನ್ನು. 90/90-21 ಟೈರಿನ ಹೊರವ್ಯಾಸ ಸುಮಾರು 695 ಮಿ.ಮೀ., 100/90-19ರದ್ದು ಸುಮಾರು 663. ದೊಡ್ಡ ಚಕ್ರ ಗುಂಡಿಯೊಳಗೆ ಕಡಿಮೆ ಇಳಿಯುತ್ತದೆ, ಕಲ್ಲನ್ನು ಸುಲಭವಾಗಿ ಹತ್ತುತ್ತದೆ. ಇದಕ್ಕೂ ಕಡ್ಡಿಗೂ ಸಂಬಂಧವಿಲ್ಲ. ಸ್ಪೋಕ್ ಎಂದರೆ ಹಗುರ ಎಂಬುದೂ ಎಲ್ಲ ಕಡೆ ನಿಲ್ಲುವುದಿಲ್ಲ. ಅಲ್ಯೂಮಿನಿಯಂ ರಿಮ್ ಆದರೆ ಹಗುರವಿರಬಹುದು, ಉಕ್ಕಿನ ರಿಮ್ ಆದರೆ ಅಲಾಯ್‌ಗಿಂತ ಭಾರವೇ ಆಗಬಹುದು. ರಿಮ್ಮಿಗೆ ಮ್ಯಾಗ್ನೆಟ್ ಹಿಡಿದರೆ ಯಾವ ಲೋಹ ಎಂದು ತಿಳಿಯುತ್ತದೆ.

ಹಾಗಾದರೆ ಯಾರಿಗೆ ಯಾವುದು? ವಾರವಿಡೀ ಆಫೀಸು, ತಿಂಗಳಿಗೊಮ್ಮೆ ಬೆಂಗಳೂರಿನಿಂದ ಸಕಲೇಶಪುರ ಅಥವಾ ಚಿಕ್ಕಮಗಳೂರು, ಹೋಂಸ್ಟೇಗೆ ಕೊನೆಯ ಐದು ಕಿಲೋಮೀಟರ್ ಕಾಫಿ ತೋಟದ ಕಚ್ಚಾ ರಸ್ತೆ: ಇದು ನಿಮ್ಮ ಓಡಾಟವಾದರೆ ಅಲಾಯ್ ತಗೊಳ್ಳಿ, ಎರಡನೇ ಯೋಚನೆ ಬೇಡ. ಕರಾವಳಿಯವರಿಗೆ ಇನ್ನೊಂದು ಕಾರಣವೂ ಇದೆ. ಕಾರವಾರ, ಉಡುಪಿ ಕಡೆಯ ಉಪ್ಪುಗಾಳಿಗೆ ಕಡ್ಡಿ, ನಿಪ್ಪಲ್ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ. ಕಚ್ಚಿಕೊಂಡ ನಿಪ್ಪಲ್ ತಿರುಗಿಸಲು ಹೋದರೆ ಅದರ ಅಂಚು ಸವೆಯುತ್ತದೆ, ಇಲ್ಲವೇ ಕಡ್ಡಿಯೇ ತುಂಡಾಗುತ್ತದೆ.

ಬಂಡೆ, ತೊರೆ, ಮೆಟ್ಟಿಲಿನಂಥ ಏರು, ವಾರಾಂತ್ಯಕ್ಕೊಮ್ಮೆ ಬೀಳುವುದು ಖಾತ್ರಿ ಎನ್ನುವಂಥ ಟ್ರೇಲ್ ರೈಡಿಂಗ್ ನಿಮ್ಮದಾದರೆ ಸ್ಪೋಕ್. ಹಿಮಾಚಲದಲ್ಲಿ ಸ್ಪಿತಿಗೆ ಹೋಗುವ ಗ್ರಾಂಫೂ-ಬಾತಲ್ ದಾರಿಯಂಥ ಕಡೆ ಅಲಾಯ್ ಗಾಡಿಗಳೂ ಹೋಗಿ ಬರುತ್ತವೆ, ಆದರೆ ಲಗೇಜು ಹೇರಿಕೊಂಡು ವೇಗವಾಗಿ ಹೋಗುವವರು ರಿಮ್ ಕಳೆದುಕೊಳ್ಳುತ್ತಾರೆ. ಅಲ್ಲಿ ನಿಮ್ಮ ಅಳತೆಯ ಹೊಸ ರಿಮ್ ಸಿಗುವ ಭರವಸೆ ಇಟ್ಟುಕೊಳ್ಳಬೇಡಿ.

ಟ್ಯೂಬ್‌ಲೆಸ್ ಸ್ಪೋಕ್

ಎರಡರ ಗುಣವೂ ಒಂದರಲ್ಲಿ ಸಿಗುವ ಚಕ್ರ ಹೊಸದೇನಲ್ಲ. ಬಿಎಂಡಬ್ಲ್ಯು ತನ್ನ ಆರ್ 100 ಜಿಎಸ್‌ಗೆ 1980ರ ದಶಕದ ಕೊನೆಯಲ್ಲೇ ಕ್ರಾಸ್-ಸ್ಪೋಕ್ ಚಕ್ರ ಕೊಟ್ಟಿತ್ತು. ಅದರಲ್ಲಿ ಕಡ್ಡಿಗಳು ರಿಮ್ಮಿನ ನಡುವೆ ಹೊಕ್ಕದೆ ಅಂಚಿನ ಹೊರಬದಿಗೆ ಸಿಕ್ಕಿಕೊಳ್ಳುತ್ತವೆ, ಗಾಳಿ ನಿಲ್ಲುವ ಜಾಗದಲ್ಲಿ ತೂತೇ ಇಲ್ಲ. ಟೈರ್ ತೆಗೆಯದೆ ಕಡ್ಡಿ ಬದಲಿಸಬಹುದು. ಇನ್ನೊಂದು ಬಗೆಯಲ್ಲಿ ಕಡ್ಡಿ ಮಾಮೂಲಿ ಜಾಗದಲ್ಲೇ ಇದ್ದು ತೂತುಗಳನ್ನು ಒಳಗಿನಿಂದ ಸೀಲ್ ಮಾಡಿರುತ್ತಾರೆ. ಇಲ್ಲಿ ಟೈರ್ ಹಾಕುವಾಗ ಲಿವರ್ ತಾಗಿ ಸೀಲ್ ಹರಿದರೆ ಸೋರಿಕೆ ಶುರು. ಪಂಕ್ಚರ್ ಅಂಗಡಿಯವರಿಗೆ ಇದನ್ನು ಮೊದಲೇ ಹೇಳಿ. ಹಿಮಾಲಯನ್ 450ಕ್ಕೆ ಕಂಪನಿಯೇ 2024ರಿಂದ ಟ್ಯೂಬ್‌ಲೆಸ್ ಸ್ಪೋಕ್ ಕೊಡುತ್ತಿದೆ. ದೂರದ ಪ್ರಯಾಣ, ಕಲ್ಲಿನ ದಾರಿ ಎರಡೂ ಇರುವವರು ಇಂಥ ಚಕ್ರಕ್ಕೆ ತಗಲುವ ಹೆಚ್ಚುವರಿ ಹಣವನ್ನು ಕೊಡಲೇಬೇಕು. ಬಾಕ್ಸು, ಲೈಟು ಆಮೇಲೆ ಹಾಕಿಸಬಹುದು.

ಹಳೆಯ ಸ್ಪೋಕ್ ರಿಮ್ಮಿಗೆ ಸೀಲಂಟ್, ಟೇಪ್ ಹಚ್ಚಿ ಟ್ಯೂಬ್‌ಲೆಸ್ ಮಾಡಿಸುವ ಮುನ್ನ ರಿಮ್ಮಿನ ಮೇಲಿನ ಗುರುತು ಓದಿ. ಅಳತೆಯ ಜೊತೆ ಎಂಟಿ ಎಂದಿದ್ದರೆ ಬೀಡ್ ಜಾರದಂತೆ ಒಳಗೆ ಸಣ್ಣ ದಿಬ್ಬವಿರುವ ರಿಮ್. ಡಬ್ಲ್ಯುಎಂ ಎಂದಿದ್ದರೆ ಆ ದಿಬ್ಬ ಇಲ್ಲ. ಗಾಳಿ ಇಳಿದಾಗ ಬೀಡ್ ಜಾರಿ ರಿಮ್ಮಿನ ನಡುಗುಣಿಗೆ ಬಿದ್ದರೆ ಟೈರ್ ಒಮ್ಮೆಲೇ ಸಡಿಲಾಗುತ್ತದೆ. ಅಂಥ ರಿಮ್ಮಿನಲ್ಲಿ ಟ್ಯೂಬೇ ಇರಲಿ, ಮುಂದಿನ ಚಕ್ರದಲ್ಲಂತೂ ಖಂಡಿತ.

ಟ್ಯೂಬ್ ಇದ್ದವರ ಚೀಲದಲ್ಲಿ

ಇಪ್ಪತ್ತೈದು ಸೆಂ.ಮೀ. ಉದ್ದದ ಮೂರು ಟೈರ್ ಲಿವರ್, ನಿಮ್ಮ ಗಾಡಿಯ ಎರಡೂ ಆಕ್ಸಲ್‌ಗೆ ಕೂರುವ ಸ್ಪ್ಯಾನರ್, ವಾಲ್ವ್ ಕೀ, ಪ್ಯಾಚ್, ಸೊಲ್ಯೂಷನ್, ಉಜ್ಜುಕಾಗದ, ಪಂಪ್ ಅಥವಾ 12 ವೋಲ್ಟ್ ಕಂಪ್ರೆಸರ್, ಸ್ವಲ್ಪ ಟಾಲ್ಕಂ ಪೌಡರ್. ಟ್ಯೂಬ್ ಒಂದೇ ಒಯ್ಯುವುದಾದರೆ 21 ಇಂಚಿನದು ಒಯ್ಯಿರಿ. ತುರ್ತಿಗೆ ಅದನ್ನು ಹಿಂದಿನ ಚಕ್ರದೊಳಗೂ ಮಡಿಸಿ ತುರುಕಬಹುದು, 17ರ ಟ್ಯೂಬನ್ನು 21ಕ್ಕೆ ಎಳೆಯಲಾಗದು. ಹೀಗೆ ತುರುಕಿದ್ದನ್ನು ಮುಂದಿನ ಊರಿನಲ್ಲೇ ಬದಲಿಸಿ.

ಟೈರ್ ಕಳಚುವಾಗ ಜನ ಬಲ ಹಾಕಿ ಸೋಲುವುದು ಒಂದೇ ಕಾರಣಕ್ಕೆ: ಲಿವರ್ ಹಾಕಿದ ಜಾಗದ ಎದುರು ಬದಿಯಲ್ಲಿ ಬೀಡನ್ನು ರಿಮ್ಮಿನ ನಡುಗುಣಿಗೆ ತುಳಿದು ಇಳಿಸಿರುವುದಿಲ್ಲ. ಮೊಣಕಾಲೂರಿ ಅದನ್ನು ಇಳಿಸಿದರೆ ಈ ಬದಿಯಲ್ಲಿ ಸಡಿಲ ಸಿಗುತ್ತದೆ. ಟ್ಯೂಬ್ ತೆಗೆದ ಮೇಲೆ ಟೈರಿನ ಒಳಗೆ ಬಟ್ಟೆ ಸವರಿ ಮೊಳೆ ಹುಡುಕಿ. ಅದು ಅಲ್ಲೇ ಉಳಿದು ಹೊಸ ಟ್ಯೂಬನ್ನೂ ತೂತು ಮಾಡುವುದು ತೀರಾ ಸಾಮಾನ್ಯ. ಅಕ್ಕಪಕ್ಕ ಎರಡು ಸೀಳು ಕಂಡರೆ ಹುಡುಕಬೇಕಾಗಿಲ್ಲ, ಗಾಳಿ ಕಡಿಮೆಯಿದ್ದು ಟ್ಯೂಬ್ ರಿಮ್ಮಿನ ಅಂಚಿಗೂ ಕಲ್ಲಿಗೂ ನಡುವೆ ಸಿಕ್ಕಿ ಹರಿದದ್ದು ಅದು. ಹೊಸ ಟ್ಯೂಬಿಗೆ ಆಕಾರ ಬರುವಷ್ಟು ಗಾಳಿ ತುಂಬಿ, ಪೌಡರ್ ಸವರಿ ಕೂರಿಸಿ. ಟೈರ್ ಹಾಕುವಾಗ ವಾಲ್ವ್ ಇರುವ ಜಾಗವನ್ನು ಕೊನೆಗೆ ಇಟ್ಟುಕೊಂಡು, ವಾಲ್ವನ್ನು ಒಳಕ್ಕೆ ಒತ್ತಿ ಹಿಡಿದು ಮುಗಿಸಿ.

ಕಡ್ಡಿಯ ಆರೈಕೆ

ಹೊಸ ಗಾಡಿಯ ಮೊದಲ ಸರ್ವಿಸಿನಲ್ಲಿ ಕಡ್ಡಿ ಪರೀಕ್ಷೆ ಮಾಡಿಸಿ, ಬಳಿಕ ಪ್ರತಿ ಕಲ್ಲುದಾರಿಯ ಸವಾರಿಯ ನಂತರ ನೀವೇ ನೋಡಿ. ಚಕ್ರ ಎತ್ತಿ, ಸ್ಕ್ರೂಡ್ರೈವರ್‌ನಿಂದ ಒಂದೊಂದೇ ಕಡ್ಡಿಗೆ ಮೆಲ್ಲಗೆ ತಟ್ಟಿ. ಬಿಗಿಯಿದ್ದರೆ ಟಿಣ್ ಎನ್ನುತ್ತದೆ, ಲೂಸಿದ್ದರೆ ಟಪ್ ಎಂದು ಸತ್ತ ಸದ್ದು. ಲೂಸಾದದ್ದನ್ನು ಕಾಲು ಸುತ್ತು ಮಾತ್ರ ಬಿಗಿ ಮಾಡಿ ಮತ್ತೆ ತಟ್ಟಿ ನೋಡಿ. ಒಂದನ್ನೇ ಜೋರಾಗಿ ಎಳೆದರೆ ರಿಮ್ ಆ ಕಡೆಗೆ ವಾಲುತ್ತದೆ. ಟ್ಯೂಬ್ ಇರುವ ರಿಮ್ಮಿನಲ್ಲಿ ಹೆಚ್ಚು ತಿರುಗಿಸಿದರೆ ಕಡ್ಡಿಯ ತುದಿ ಮೇಲೆದ್ದು ರಿಮ್ ಟೇಪ್ ಚುಚ್ಚಿ ಟ್ಯೂಬನ್ನೂ ಚುಚ್ಚಬಹುದು. ಫೋರ್ಕಿಗೆ ಒಂದು ಕೇಬಲ್ ಟೈ ಕಟ್ಟಿ, ತುದಿ ರಿಮ್ಮಿಗೆ ತಾಗುವಷ್ಟು ಕತ್ತರಿಸಿ ಚಕ್ರ ತಿರುಗಿಸಿದರೆ ಬೆಂಡ್ ಕಣ್ಣಿಗೆ ಕಾಣುತ್ತದೆ. ಬಹುತೇಕ ಮ್ಯಾನ್ಯುಯಲ್‌ಗಳ ಮಿತಿ ಸುಮಾರು 2 ಮಿ.ಮೀ. ಅದಕ್ಕಿಂತ ಹೆಚ್ಚಿದ್ದರೆ ವೀಲ್ ಬೆಂಡ್ ತೆಗೆಯುವ ನುರಿತವರಲ್ಲಿಗೆ ಒಯ್ಯಿರಿ. ಈ ಕೆಲಸ ಬಲ್ಲವರು ಕಡಿಮೆಯಾಗುತ್ತಿದ್ದಾರೆ, ನಿಮ್ಮ ಊರಿನಲ್ಲಿ ಯಾರಿದ್ದಾರೆಂದು ಗಾಡಿ ಕೊಳ್ಳುವ ಮುನ್ನವೇ ವಿಚಾರಿಸಿ.

ಅಲಾಯ್‌ಗೆ ಈ ಗೋಳಿಲ್ಲ, ಆದರೆ ತೊಳೆಯುವಾಗ ಒಳ ಅಂಚಿನ ಮೇಲೆ ಬೆರಳಾಡಿಸಿ. ಹೊಂಡ ಸಿಕ್ಕರೆ ಸೋಪು ನೀರು ಹಾಕಿ ಗುಳ್ಳೆ ಬರುತ್ತದೆಯೇ ನೋಡಿ. ತೋಳು ಹಬ್ಬಿಗೆ ಸೇರುವ ಮೂಲೆಯಲ್ಲಿ ಕೂದಲೆಳೆಯಂಥ ಗೆರೆ ಕಂಡರೆ ಆ ಚಕ್ರ ಮುಗಿಯಿತು. ವೆಲ್ಡ್ ಮಾಡಿಸಿ ಮುಂದಿನ ಚಕ್ರಕ್ಕೆ ಹಾಕಿಕೊಳ್ಳಬೇಡಿ: ಕಾಯಿಸಿದ ಜಾಗದ ಸುತ್ತ ಲೋಹದ ಬಲ ಕುಗ್ಗಿರುತ್ತದೆ, ಮುಂದಿನ ಬಿರುಕು ಅಲ್ಲಿಂದಲೇ ಏಳುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿಯ ಅಲಾಯ್‌ಗೆ ಹೊಸ ಪೇಂಟ್ ಇದ್ದರೆ ಟೈರ್ ಬಿಚ್ಚಿಸಿಯೇ ನೋಡಿ.

ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವ ಆಸೆಯಿದ್ದರೆ ಅದೇ ಮಾದರಿಗೆ ಕಂಪನಿ ಕೊಡುವ ಸೆಟ್ ಬಿಟ್ಟು ಬೇರೆ ಬೇಡ. ಸ್ಪೇಸರ್, ಡಿಸ್ಕ್ ಕೂರುವ ಜಾಗ, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚದಂತೆ ತಡೆಯುವ ವ್ಯವಸ್ಥೆ) ರಿಂಗ್, ಹಿಂದಿನ ಹಬ್ಬಿನ ರಬ್ಬರ್ ಎಲ್ಲವೂ ಹೊಂದಬೇಕು. 21ರ ಜಾಗಕ್ಕೆ 19 ಹಾಕಿದರೆ ಸುತ್ತಳತೆ ಸುಮಾರು ಶೇ. 5ರಷ್ಟು ಇಳಿಯುತ್ತದೆ. ಹಿಂದು-ಮುಂದಿನ ಚಕ್ರಗಳ ವೇಗ ಹೋಲಿಸಿ ಕೆಲಸ ಮಾಡುವ ಎಬಿಎಸ್‌ಗೆ ತಪ್ಪು ಲೆಕ್ಕ ಹೋಗುತ್ತದೆ, ಮೂತಿಯೂ ಸುಮಾರು 16 ಮಿ.ಮೀ. ತಗ್ಗುತ್ತದೆ.

ಅಲಾಯ್ ಗಾಡಿಯಲ್ಲೇ ಹಿಮಾಲಯಕ್ಕೆ ಹೊರಟವರು ಬತ್ತಿ ಕಿಟ್ಟಿನ ಜೊತೆ ಮುಂದಿನ ಅಳತೆಯ ಒಂದು ಟ್ಯೂಬನ್ನೂ ಇಟ್ಟುಕೊಳ್ಳಿ. ಅಂಚು ಬಾಗಿ ಗಾಳಿ ನಿಲ್ಲದಿದ್ದರೆ ಟ್ಯೂಬ್‌ಲೆಸ್ ವಾಲ್ವ್ ತೆಗೆದು ಒಳಗೆ ಟ್ಯೂಬ್ ಹಾಕಿದರೆ ಗಾಡಿ ನಡೆಯುತ್ತದೆ, ಬಿರುಕು ಇಲ್ಲದಿದ್ದರೆ ಮಾತ್ರ. ಅಲಾಯ್‌ನ ವಾಲ್ವ್ ತೂತು ಟ್ಯೂಬಿನ ವಾಲ್ವಿಗಿಂತ ದೊಡ್ಡದಿರುವುದರಿಂದ ಅಲ್ಲಿ ಬಿಗಿಯಲು ಒಂದು ಅಗಲ ವಾಷರ್ ಬೇಕಾಗುತ್ತದೆ. ಅದನ್ನು ಮನೆಯಲ್ಲೇ ಹೊಂದಿಸಿ ನೋಡಿ ಟ್ಯೂಬಿನ ಜೊತೆಗೇ ಕಟ್ಟಿಡಿ.