ಗೋಡೆಯ ಗೀಟಿನಿಂದ ಪೆನ್ನಿನವರೆಗೆ: ಬೆಳವಣಿಗೆ ಹಾರ್ಮೋನಿನ ನಮ್ಮ ಲೆಕ್ಕ

"ಅಪ್ಪ ಗಿಡ್ಡ, ಮಗನೂ ಗಿಡ್ಡ. ಹೈಸ್ಕೂಲಿಗೆ ಬಂದಾಗ ಜಿಗೀತಾನೆ ಬಿಡಿ" ಅಂದವರೇ ಈಗ ನಮ್ಮ ಫೈಲಿನ ಜೆರಾಕ್ಸ್ ಕೇಳುತ್ತಿದ್ದಾರೆ. ಪೆನ್ನಿನಂಥ ಸಾಧನದಲ್ಲಿ ದಿನಾ ಕೊಡುವ ಬೆಳವಣಿಗೆ ಹಾರ್ಮೋನಿನ ಇಂಜೆಕ್ಷನ್ ಶುರುವಾದ ಮೊದಲ ವರ್ಷ ಮಗ ಬೆಳೆದದ್ದು ಒಂಬತ್ತು ಸೆಂಟಿಮೀಟರ್ ಚಿಲ್ಲರೆ. ಅದರ ಹಿಂದಿನ ವರ್ಷ ಮೂರೂವರೆ ಇರಬೇಕು.

ಚಿಕಿತ್ಸೆಯ ಬಾಗಿಲು ತೆರೆಸಿದ್ದು ಅಳತೆ. ಗೋಡೆ ಮೇಲಿನ ಪೆನ್ಸಿಲ್ ಗೀಟನ್ನು ಯಾವ ಡಾಕ್ಟರೂ ನಂಬುವುದಿಲ್ಲ, ನಂಬಲೂಬಾರದು. ಸ್ಟೀಲ್ ಟೇಪನ್ನು ಗೋಡೆಗೆ ಬಿಗಿದು, ತಲೆ ಮೇಲೆ ಗಾರೆಯವರ ಮೂಲೆಮಟ್ಟ ಇಟ್ಟು, ಬರಿಗಾಲಲ್ಲಿ, ಹಿಮ್ಮಡಿ ಗೋಡೆಗೆ ತಾಗಿಸಿ ಮೂರು ಸಲ ಅಳೆದು ನಡುವಿನದನ್ನು ಬರೆದೆವು. ಮೂರು ತಿಂಗಳಿಗೊಮ್ಮೆ, ಬೆಳಗ್ಗೆಯೇ. ಹುಚ್ಚಿಗೆ ಮನೆಯ ನಾಲ್ಕು ಮಕ್ಕಳನ್ನು ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ ಅಳೆದು ನೋಡಿದೆ: ರಾತ್ರಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಕುಗ್ಗಿದ್ದರು. ಹೊತ್ತು ಬದಲಾದರೆ ಮೂರು ತಿಂಗಳ ಬೆಳವಣಿಗೆಯೇ ಮಾಯ. ಈ ಅಂಕಿಗಳನ್ನು ಐಎಪಿ (ಭಾರತದ ಮಕ್ಕಳ ವೈದ್ಯರ ಸಂಘ) ಬೆಳವಣಿಗೆ ಚಾರ್ಟಿನ ಮೇಲೆ ಚುಕ್ಕಿ ಇಟ್ಟು ಕೊಟ್ಟ ದಿನ ಡಾಕ್ಟರ ಮಾತೇ ಬದಲಾಯಿತು.

ಅದಕ್ಕೂ ಮುಂಚೆ ಕಳೆದ ದುಡ್ಡು ಬೇಕಾದಷ್ಟು. ಎತ್ತರ ಬೆಳೆಸುತ್ತದೆಂದು ಮಾರುವ ಪುಡಿಗೆ ಆರೇಳು ಸಾವಿರ. ಒಂದು ಲ್ಯಾಬಿನಲ್ಲಿ ಸುಮ್ಮನೆ ಮಾಡಿಸಿದ ಜಿಎಚ್ (ಬೆಳವಣಿಗೆ ಹಾರ್ಮೋನು) ಟೆಸ್ಟ್ ಇನ್ನೊಂದು ದಂಡ. ಈ ಹಾರ್ಮೋನು ಬಿಟ್ಟುಬಿಟ್ಟು ಚಿಮ್ಮುವುದು, ಹೆಚ್ಚಾಗಿ ನಿದ್ದೆಯಲ್ಲಿ. ಹಗಲಲ್ಲಿ ಒಂದೇ ಸಲ ತೆಗೆದ ರಕ್ತ ಏನೂ ಹೇಳದು. ಮೊದಲು ಮಾಡಿಸಬೇಕಾದದ್ದು ಥೈರಾಯ್ಡ್, ಸೀಲಿಯಾಕ್ (ಗೋಧಿ ಒಗ್ಗದ ಕಾಯಿಲೆ), ಮೂಳೆಯ ವಯಸ್ಸು ತಿಳಿಯಲು ಎಡಗೈ ಎಕ್ಸ್-ರೇ, ಐಜಿಎಫ್-1 (ಬೆಳವಣಿಗೆ ಹಾರ್ಮೋನಿನ ಕೆಲಸ ತೋರಿಸುವ ರಕ್ತದ ಟೆಸ್ಟ್). ಹೆಣ್ಣುಮಗುವಾದರೆ ಕ್ಯಾರಿಯೋಟೈಪ್ (ವರ್ಣತಂತುಗಳ ಪರೀಕ್ಷೆ) ಕೂಡ. ಆಮೇಲೆ ಸ್ಟಿಮ್ಯುಲೇಶನ್ ಟೆಸ್ಟ್, ಅಂದರೆ ಔಷಧಿ ಕೊಟ್ಟು ಹಾರ್ಮೋನು ಚಿಮ್ಮಿಸಿ ರಕ್ತದಲ್ಲಿ ಅಳೆಯುವುದು. ಅದಕ್ಕೆ ಕ್ಲೋನಿಡೀನ್ ಎಂಬ ಔಷಧಿ ಕೊಟ್ಟರೆ ಬಿಪಿ ಇಳಿದು ಮಗು ಮಂಕಾಗುತ್ತದೆ, ಅಂದು ಬಸ್ಸಿನಲ್ಲಿ ಊರಿಗೆ ಹೊರಡಬೇಡಿ.

ಸರ್ಕಾರದ ನೆರವಿನ ವಿಷಯ. ಕೇಂದ್ರದ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಈ ಹಾರ್ಮೋನಿನ ಕೊರತೆ ಎರಡನೇ ಗುಂಪಿನಲ್ಲಿದೆ (ಬಹುಕಾಲ ಚಿಕಿತ್ಸೆ ಬೇಕಾದವು), ಟರ್ನರ್, ಪ್ರಾಡರ್-ವಿಲ್ಲಿ ಎಂಬ ಹುಟ್ಟಿನಿಂದಲೇ ಬರುವ ಕಾಯಿಲೆಗಳ ಜೊತೆಗೆ. ಆದರೆ ಕೊರತೆ "ರುಜುವಾತಾಗಿರಬೇಕು". ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಮತ್ತು ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಸೇರಿ ಈ ನೀತಿಯ ಉತ್ಕೃಷ್ಟತಾ ಕೇಂದ್ರ. ಮೇಲಿನ ಅಳತೆ, ಟೆಸ್ಟುಗಳ ಫೈಲಿಲ್ಲದೆ ಅಲ್ಲಿಗೆ ಹೋದರೆ ಮತ್ತೆ ಮೊದಲಿನಿಂದ. ಓದಲು ಮಕ್ಕಳ ಬೆಳವಣಿಗೆ ತೊಂದರೆಗಳಿಗಾಗಿ ಇರುವ ಅಮೆರಿಕದ ಮ್ಯಾಜಿಕ್ ಫೌಂಡೇಶನ್ ಬರಹಗಳು ಒಳ್ಳೆಯವು, ಒಂದು ಎಚ್ಚರ: ಅಲ್ಲಿ ಡೋಸು ಮಿಲಿಗ್ರಾಂನಲ್ಲಿ, ನಮ್ಮ ಚೀಟಿಯಲ್ಲಿ ಯೂನಿಟ್. ಒಂದು ಮಿಲಿಗ್ರಾಂ ಅಂದರೆ ಮೂರು ಯೂನಿಟ್. ಇದನ್ನು ಅದಲುಬದಲು ಮಾಡಿಕೊಂಡು ಹೆದರಿದವರನ್ನು ಕಂಡಿದ್ದೇನೆ.

ಇಪ್ಪತ್ತು ಕೆಜಿ ಮಗುವಿಗೆ ನಮಗೆ ಬರೆದದ್ದು ದಿನಕ್ಕೆ 1.8 ಯೂನಿಟ್, ಮಲಗುವ ಮುನ್ನ. ತಿಂಗಳಿಗೆ ಹದಿನೈದು-ಹದಿನಾರು ಸಾವಿರ. ಕಾರ್ಟ್ರಿಜ್ (ಪೆನ್ನಿನೊಳಗೆ ಕೂರುವ ಔಷಧಿ ಕೊಳವೆ) ನಿಮ್ಮ ಡೋಸಿಗೆ ಹೊಂದಿ ಕೊನೆಯ ಹನಿವರೆಗೂ ಮುಗಿಯುವ ಅಳತೆಯದನ್ನು ಕೊಳ್ಳಿ, ಒಳಗೆ ಉಳಿದದ್ದೆಲ್ಲ ತಿಪ್ಪೆಗೆ. ಇಡಬೇಕಾದದ್ದು 2ರಿಂದ 8 ಡಿಗ್ರಿಯಲ್ಲಿ, ಫ್ರಿಜ್ಜಿನ ನಡುವಿನ ತಟ್ಟೆಯಲ್ಲಿ, ಬಾಗಿಲಲ್ಲಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಜೆಲ್ ಪ್ಯಾಕ್ ಇಟ್ಟ ತಂಪು ಡಬ್ಬಿಗೆ ಹಾಕಿದೆವು, ಹೆಪ್ಪುಗಟ್ಟಿದ ಜೆಲ್ ಪ್ಯಾಕ್ ಕಾರ್ಟ್ರಿಜ್ಜಿಗೆ ತಾಗಿ ಒಳಗಿನ ಔಷಧಿ ಗಡ್ಡೆಯಾಯಿತು. ಕರಗಿಸಿ ಬಳಸುವಂತಿಲ್ಲ. ಐದು ಸಾವಿರದ ಮೇಲೆ ಹೋಯಿತು. ಈಗ ನಡುವೆ ದಪ್ಪ ಟವೆಲ್ ಸುತ್ತುತ್ತೇವೆ.

ಚುಚ್ಚಿದ ಮೇಲೆ ಹತ್ತು ಎಣಿಸಿ ಸೂಜಿ ತೆಗೆಯಿರಿ, ಇಲ್ಲವಾದರೆ ತುದಿಯಲ್ಲಿ ಹನಿ ತೊಟ್ಟಿಕ್ಕುತ್ತದೆ. ತೊಡೆ, ಹೊಟ್ಟೆ ಸರದಿ ಬದಲಾಗಲಿ. ಒಂದೇ ಕಡೆ ಚುಚ್ಚಿದರೆ ಚರ್ಮದಡಿ ಗುಳಿ ಬೀಳುತ್ತದೆ.  ತಲೆನೋವಿನ ಜೊತೆ ವಾಂತಿ ಬಂದರೆ, ಅಥವಾ ಮಗು ಕುಂಟಿದರೆ, ಅಂದೇ ಡಾಕ್ಟರಿಗೆ ಫೋನು. ತೂಕ ಏರಿದಷ್ಟೂ ಡೋಸು ಏರುತ್ತದೆ, ಖರ್ಚೂ. ಜೂನ್ ಹೊತ್ತಿಗೆ 24 ಕೆಜಿ ಆದರೆ ತಿಂಗಳಿಗೆ ಸುಮಾರು ಮೂರು ಸಾವಿರ ಹೆಚ್ಚು ಹೊಂದಿಸಬೇಕು.