ಟ್ಯೂಬಿನಲ್ಲಿ ಇಳಿಯುವ ಶುಗರ್: ಲ್ಯಾಬಿನಲ್ಲಿ ನಾನು ತಡೆಯುವ ಬಗೆ

ತೋಳಿನಿಂದ ಹೊರಬಂದ ಮಾತ್ರಕ್ಕೆ ರಕ್ತಕಣಗಳು ಸಾಯುವುದಿಲ್ಲ. ಟ್ಯೂಬಿನಲ್ಲೂ ಗ್ಲೂಕೋಸ್ ತಿನ್ನುತ್ತಲೇ ಇರುತ್ತವೆ. ಕೆಂಪು ಕಣಗಳಲ್ಲಿ ಮೈಟೊಕಾಂಡ್ರಿಯಾ (ಆಮ್ಲಜನಕ ಬಳಸಿ ಶಕ್ತಿ ತಯಾರಿಸುವ ಭಾಗ) ಇಲ್ಲದ್ದರಿಂದ ಗ್ಲೂಕೋಸನ್ನು ಒಡೆದು ಲ್ಯಾಕ್ಟೇಟ್ ಮಾಡಿಯೇ ಅವು ಬದುಕಬೇಕು. ಕೋಣೆಯ ಉಷ್ಣಾಂಶದಲ್ಲಿ ಗಂಟೆಗೆ ಸುಮಾರು ಶೇ. 5ರಿಂದ 7ರಷ್ಟು ಸಕ್ಕರೆ ಹೀಗೆ ಖರ್ಚಾಗುತ್ತದೆ. ಖಾಲಿ ಹೊಟ್ಟೆಯ ಶುಗರ್ 130 (ಮಿ.ಗ್ರಾಂ/ಡಿ.ಎಲ್) ಇದ್ದವರ ಸ್ಯಾಂಪಲ್ ಎರಡು ಗಂಟೆ ಹಾಗೇ ಕೂತರೆ 115ರ ಹತ್ತಿರ ಬರುತ್ತದೆ. ಮಧುಮೇಹದ ಗೆರೆ 126. ಕಾಯಿಲೆ ಇದ್ದವರಿಗೆ ಇಲ್ಲವೆಂದು ಬರೆದುಕೊಟ್ಟಂತಾಯಿತು.

ಸಕ್ಕರೆ ಇಳಿಯದಿರಲೆಂದೇ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬಿಗೆ ಹಾಕಿದ್ದೇವಲ್ಲ ಎನ್ನುವವರೇ ಹೆಚ್ಚು. ಫ್ಲೋರೈಡ್ ತಡೆಯುವುದು ಇನೋಲೇಸ್ ಎಂಬ ಕಿಣ್ವವನ್ನು. ಅದಿರುವುದು ಗ್ಲೈಕಾಲಿಸಿಸ್ (ಗ್ಲೂಕೋಸನ್ನು ಹಂತಹಂತವಾಗಿ ಒಡೆಯುವ) ಸರಣಿಯ ಕೊನೆಯ ಹತ್ತಿರ. ಗ್ಲೂಕೋಸನ್ನು ಮೊದಲು ಹಿಡಿಯುವ ಹೆಕ್ಸೊಕೈನೇಸ್ ಕಿಣ್ವ, ಕಣದ ಶಕ್ತಿಯ ಅಣುವಾದ ಎಟಿಪಿ ಮುಗಿಯುವ ತನಕ ತನ್ನ ಕೆಲಸ ಬಿಡುವುದಿಲ್ಲ. ಹಾಗಾಗಿ ಮೊದಲ ಒಂದೆರಡು ಗಂಟೆ ಶುಗರ್ ಹೆಚ್ಚುಕಡಿಮೆ ಅದೇ ವೇಗದಲ್ಲಿ ಇಳಿದು, ಆಮೇಲೆ ನಿಲ್ಲುತ್ತದೆ. ಮರುದಿನ ಪರೀಕ್ಷಿಸಿದರೂ ಅದೇ ಅಂಕಿ ಬರುವುದರಿಂದ ಎಲ್ಲ ಸರಿಯಿದೆ ಎಂದು ನಂಬಿಬಿಡುತ್ತಾರೆ. ಸ್ಥಿರವಾಗಿರುವುದು ಇಳಿದ ಮೇಲಿನ ಅಂಕಿ.

ಟ್ಯೂಬನ್ನು ನಾನು ಗೆರೆಯ ತನಕ ತುಂಬಿಸುತ್ತೇನೆ. ಕಡಿಮೆ ರಕ್ತ ಹಾಕಿದರೆ ಟ್ಯೂಬಿನಲ್ಲಿರುವ ಆಕ್ಸಲೇಟ್ (ರಕ್ತ ಹೆಪ್ಪುಗಟ್ಟದಂತೆ ಹಾಕಿದ ಲವಣ) ರಕ್ತಕ್ಕೆ ಹೋಲಿಸಿದರೆ ಹೆಚ್ಚಾಗಿ, ಕಣಗಳೊಳಗಿನ ನೀರು ಹೊರಬಂದು ಪ್ಲಾಸ್ಮಾ (ರಕ್ತದ ದ್ರವ ಭಾಗ) ತೆಳುವಾಗುತ್ತದೆ. 8–10 ಸಲ ನಿಧಾನಕ್ಕೆ ತಲೆಕೆಳಗು ಮಾಡಿ (ಕುಲುಕಿದರೆ ಕಣ ಒಡೆಯುತ್ತದೆ) ತಕ್ಷಣ ಐಸ್‌ ನೀರಿನಲ್ಲಿ ಇಡುತ್ತೇನೆ. ಪುಡಿ ಐಸಿಗೆ ನೀರು ಬೆರೆತಿರಲೇಬೇಕು. ಬರೀ ಗಟ್ಟಿ ತುಂಡುಗಳು ಟ್ಯೂಬಿಗೆ ಅಲ್ಲಲ್ಲಿ ಮಾತ್ರ ತಾಗುತ್ತವೆ. 30 ನಿಮಿಷದೊಳಗೆ ಸೆಂಟ್ರಿಫ್ಯೂಜ್ ಮಾಡಿ (ಯಂತ್ರದಲ್ಲಿ ವೇಗವಾಗಿ ತಿರುಗಿಸಿ ಕಣಗಳನ್ನು ತಳಕ್ಕೆ ಕೂರಿಸಿ) ಪ್ಲಾಸ್ಮಾವನ್ನು ಬೇರೆ ಟ್ಯೂಬಿಗೆ ತೆಗೆಯುತ್ತೇನೆ. ಕೆಂಪು ಕಣಗಳ ಮೇಲೆ ಕೂತ ಬಿಳಿ ಕಣಗಳ ಪದರಕ್ಕೆ ಪಿಪೆಟ್ ತಾಗಬಾರದು. ಇದೇ ಐಸ್ ಸ್ಯಾಂಪಲ್ಲಿನಲ್ಲಿ ಪೊಟ್ಯಾಸಿಯಂ ನೋಡಲೇಬಾರದು: ಪೊಟ್ಯಾಸಿಯಂ ಅನ್ನು ಒಳಗೆ ಎಳೆದಿಡುವ ಕಣದ ಪಂಪ್ ಚಳಿಗೆ ನಿಂತು ಪೊಟ್ಯಾಸಿಯಂ ಹೊರಗೆ ಸೋರುತ್ತದೆ, ಜೊತೆಗೆ ಟ್ಯೂಬಿನಲ್ಲಿರುವುದೇ ಪೊಟ್ಯಾಸಿಯಂ ಆಕ್ಸಲೇಟ್.

ಕಲೆಕ್ಷನ್ ಸೆಂಟರ್ ದೂರವಿದ್ದರೆ ಸೈಟ್ರೇಟ್ ಬಫರ್ ಇರುವ ಟ್ಯೂಬೇ ಬೇಕು. ಅದರ ಆಮ್ಲ, ಹೆಕ್ಸೊಕೈನೇಸನ್ನೂ ಸರಣಿಯ ಆರಂಭದ ಇನ್ನೊಂದು ಕಿಣ್ವವಾದ ಫಾಸ್ಫೊಫ್ರಕ್ಟೊಕೈನೇಸನ್ನೂ ಆರಂಭದಲ್ಲೇ ನಿಲ್ಲಿಸುತ್ತದೆ. ಆ ಬಫರ್ ದ್ರವರೂಪದ್ದಾದರೆ ಅದು ಬೆರೆತಷ್ಟೂ ರಕ್ತ ತೆಳುವಾಗುತ್ತದೆ. ಬಂದ ಅಂಕಿಯನ್ನು ತಯಾರಕರು ಕೊಟ್ಟ ಗುಣಕದಿಂದ ಗುಣಿಸಬೇಕು. ಗರ್ಭಿಣಿಯರ 75 ಗ್ರಾಂ ಗ್ಲೂಕೋಸ್ ಪರೀಕ್ಷೆಯಲ್ಲಿ ಖಾಲಿ ಹೊಟ್ಟೆಯ ಗೆರೆ 92. ನಾಲ್ಕೈದು ಅಂಕಿ ಇಳಿದರೂ ಸಾಕು, ತಾಯಿಯ ಮಧುಮೇಹ ಕಣ್ತಪ್ಪಿಹೋಗುತ್ತದೆ. ಇಲ್ಲಿ ನಾನು ತಡವಾದ ಸ್ಯಾಂಪಲ್ ಒಪ್ಪುವುದಿಲ್ಲ.

ರಕ್ತದ ಕ್ಯಾನ್ಸರಿನಲ್ಲಿ ಬಿಳಿ ಕಣ (ಪ್ರತಿ ಮೈಕ್ರೊಲೀಟರಿಗೆ) ಲಕ್ಷ ದಾಟಿದರೆ ಸಕ್ಕರೆ ಇನ್ನೂ ಬೇಗ ಮುಗಿಯುತ್ತದೆ. ರಿಪೋರ್ಟಿನಲ್ಲಿ ಶುಗರ್ 30 ಬಂದಿದ್ದು ರೋಗಿ ಬೆವರದೆ, ನಡುಗದೆ ಮಾತಾಡುತ್ತಿದ್ದರೆ ವಾರ್ಡಿಗೆ ಫೋನ್ ಮಾಡಿ ಹಾಸಿಗೆಯ ಬಳಿಯೇ ಗ್ಲುಕೋಮೀಟರಿನಲ್ಲಿ ನೋಡಲು ಹೇಳುತ್ತೇನೆ, ಹೊಸ ಸ್ಯಾಂಪಲ್ಲನ್ನು ಐಸಿನಲ್ಲಿ ತರಿಸುತ್ತೇನೆ.